ರಂಗನತಿಟ್ಟಿಗೆ ಮಾರ್ಚ್‌ನಲ್ಲೇ ಹೋಗಬೇಕು

ರಂಗನತಿಟ್ಟು ಪಕ್ಷಿಧಾಮದ ಬಗ್ಗೆ ಬಂದ ಒಂದು ಲೇಖನ ಓದಿದೆ. ಚಳಿಗಾಲ ಮುಗಿದ ಮೇಲೆ ಅಲ್ಲಿಗೆ ಹೋಗುವುದು ದಂಡ ಎಂಬ ಅದರ ಲೇಖಕರ ಮಾತನ್ನು ಮೈಸೂರಿನವನಾದ ನಾನು ಒಪ್ಪಲಾರೆ. ಡಿಸೆಂಬರಿನಲ್ಲಿ ಹಕ್ಕಿಗಳಿಗಿಂತ ಜನರ ಗಲಾಟೆಯೇ ಜಾಸ್ತಿ. ಬಣ್ಣದ ಕೊಕ್ಕರೆಗಳ ಬಾಣಂತನ ನೋಡಬೇಕಾದರೆ ಮಾರ್ಚ್‌ನಲ್ಲೇ ಬರಬೇಕು. ಹೋದ ವರ್ಷ ಯುಗಾದಿಗೆ ಮುಂಚೆ ದೋಣಿಯಿಂದ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ: ಒಂದು ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಕೊಡೆಯಂತೆ ಬಿಚ್ಚಿ, ಗೂಡಿನ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ಅಲುಗಾಡಲೇ ಇಲ್ಲ.

ಇನ್ನು, ನಡುಗಡ್ಡೆಗಳಲ್ಲಿ ಇಳಿದು ಅಡ್ಡಾಡಬಹುದು ಎಂದೂ ಲೇಖಕರು ಬರೆದಿದ್ದಾರಲ್ಲ, ಅದು ತಪ್ಪು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು, ನೋಡುವುದೆಲ್ಲ ದೋಣಿಯಿಂದಲೇ. ಕಾವೇರಿ ಹೊಳೆಯ ನೀರು ಇಳಿದಾಗ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳನ್ನು (ನಾನು ಮೊದಲು ಕಲ್ಲೆಂದೇ ತಿಳಿದಿದ್ದೆ) ಕಂಡವರು ಇಳಿಯುವ ಮಾತನ್ನೇ ಎತ್ತುವುದಿಲ್ಲ.