ಬದುವಿನ ಎಕ್ಕವನ್ನು ಕೀಳಬೇಡಿ, ಬೆಳೆಸಿ

ವಿಜಯಪುರ ಸೀಮೆಯ ಎರೆ ಭೂಮಿಯಲ್ಲಿ ಬದುವಿನ ಮೇಲೆ ತಾನಾಗಿ ಬೆಳೆದ ಎಕ್ಕದ ಗಿಡವನ್ನು ಕಸವೆಂದು ಬೇರುಸಹಿತ ಕೀಳಿಸುವುದು ರೂಢಿಯಾಗಿಬಿಟ್ಟಿದೆ. ಜೆಸಿಬಿ ತರಿಸಿ ಬದು ಸರಿಪಡಿಸುವವರು ಮೊದಲು ಕಿತ್ತೆಸೆಯುವುದು ಅದನ್ನೇ. ಹೊಸ ಬಡಾವಣೆಗಳಲ್ಲಿ ಕಂಪೌಂಡಿನಾಚೆಯ ಎಕ್ಕವನ್ನು ಕಡಿಸಿ, ಆ ಜಾಗದಲ್ಲಿ ನರ್ಸರಿಯ ಬೋಗನ್‌ವಿಲ್ಲಾ ನೆಡುತ್ತಾರೆ. ಅದರಲ್ಲಿ ನಮ್ಮ ಕಣ್ಣಿಗೆ ಹೂವಾಗಿ ಕಾಣುವುದು ಬಣ್ಣ ತಾಳಿದ ಎಲೆಗಳು. ದುಂಬಿಗಳಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಎಕ್ಕವನ್ನು ಉಳಿಸಿಕೊಂಡರೆ ಸಾಲದು, ಹೊಲದಂಚಿನಲ್ಲಿಯೂ ಹಿತ್ತಲಿನಲ್ಲಿಯೂ ಬೇಕೆಂದೇ ಬೆಳೆಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜೋಳ, ಕಡಲೆಗಳ ರಾಶಿ ಮುಗಿದು, ಬೇವಿನ ಹೂವೂ ಉದುರಿ, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗಲೂ ಯಾರೂ ನೀರು ಹಾಕದ ಈ ಗಿಡದಲ್ಲಿ ಗೊಂಚಲು ಗೊಂಚಲಾಗಿ ಹೂವಿರುತ್ತದೆ. ಅದನ್ನು ಹುಡುಕಿಕೊಂಡು ಬರುವುದು ಹಳೆಯ ಮನೆಗಳ ತೊಲೆ, ಜಂತಿ, ಒಣ ಬಿದಿರುಗಳನ್ನು ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿ. ಎಕ್ಕದ ಹೂವಿನ ರಚನೆಯೇ ಅದಕ್ಕೆ ಹೇಳಿ ಮಾಡಿಸಿದಂತಿದೆ. ಇದರ ಪರಾಗ ಪುಡಿಯಾಗಿ ಉದುರುವುದಿಲ್ಲ. ಮೇಣದಂತಹ ಜೋಡಿ ಗಂಟುಗಳಾಗಿ, ನಡುವಿನ ಕಿರೀಟದ ಸಂದುಗಳಲ್ಲಿ ಅಡಗಿರುತ್ತದೆ. ಮಕರಂದ ಹೀರಲು ಕುಳಿತ ದುಂಬಿಯ ಕಾಲು ಆ ಸಂದಿನಲ್ಲಿ ಸಿಕ್ಕಿಕೊಂಡಾಗ ಅದು ಬಲವಾಗಿ ಎಳೆದುಕೊಳ್ಳುತ್ತದೆ. ಕಾಲಿನೊಡನೆ ಜೋಡಿ ಗಂಟೂ ಕಿತ್ತು ಬಂದು, ಮುಂದಿನ ಹೂವಿನ ಸಂದು ಸೇರುತ್ತದೆ. ಸಣ್ಣ ಕೀಟಗಳಿಗೆ ಅಷ್ಟು ಕಸುವು ಸಾಲದು. ಒಂದು ಗಿಡದಲ್ಲಿ ನೂರಾರು ಹೂವು ಅರಳಿದರೂ ಕಾಯಿ ಕೆಲವೇ ಕೆಲವು ಕಾಣುವುದಕ್ಕೆ ಈ ಬಿಗಿಯಾದ ವ್ಯವಸ್ಥೆಯೂ ಒಂದು ಕಾರಣ.

ಬೇಸಿಗೆಯಲ್ಲಿ ಎಕ್ಕವನ್ನು ನೆಚ್ಚಿಕೊಂಡ ಈ ದುಂಬಿಯೇ ಮುಂದೆ ನಮ್ಮ ತೊಗರಿ ಹೂವಿಗೂ ಬದನೆ ಹೂವಿಗೂ ಬರುತ್ತದೆ. ಬದನೆಯ ಪರಾಗಕೋಶಕ್ಕೆ ತುದಿಯಲ್ಲಿ ಮಾತ್ರ ಸಣ್ಣ ರಂಧ್ರವಿರುತ್ತದೆ. ಕರಿದುಂಬಿ ಅದನ್ನು ಅಪ್ಪಿ ಹಿಡಿದು, ಝೇಂಕರಿಸುತ್ತ ಮೈಯನ್ನೇ ಕಂಪಿಸಿದಾಗ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣಕ್ಕೆ ಈ ವಿದ್ಯೆ ಬಾರದು. ಬರೀ ಗಾಳಿಯ ಅಲುಗಾಟಕ್ಕೂ ಬದನೆ ಕಾಯಿ ಕಚ್ಚುವುದುಂಟು, ಆದರೂ ರೊಟ್ಟಿಯ ಜೊತೆ ಎಣ್ಣೆಗಾಯಿ ಇಲ್ಲದೆ ಊಟ ಸೇರದ ನಾವು ಈ ದುಂಬಿಯ ಬೇಸಿಗೆಯ ಆಹಾರವನ್ನು ಬೇರುಸಹಿತ ಕಿತ್ತೆಸೆಯುವುದು ನನಗಂತೂ ಸರಿಕಾಣುವುದಿಲ್ಲ.

ಎಕ್ಕದ ಎಲೆಯನ್ನು ಮಗುಚಿ ನೋಡಿದರೆ ಇನ್ನೊಂದು ಜೀವವೂ ಕಾಣಸಿಗುತ್ತದೆ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಅಲ್ಲಿ ಒಂದೊಂದೇ ಮೊಟ್ಟೆಯಿಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಅದರ ಹುಳು ಎಲೆಯ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಎಲೆ ತಿಂದು ಹಾಕಿತೆಂದು ಔಷಧಿ ಹೊಡೆಯುವ ಅಗತ್ಯವಿಲ್ಲ, ಗಿಡ ಮತ್ತೆ ಚಿಗುರುತ್ತದೆ.

ಹಾಳುಬಿದ್ದ ಮನೆಯಲ್ಲಿ ಬೆಳೆಯುವ ಗಿಡವೆಂದು ಹಿರಿಯರು ಹಿಂಜರಿಯುವುದುಂಟು. ಶನಿವಾರ ಹನುಮಪ್ಪನಿಗೆ ಎಕ್ಕದ ಹಾರ ಹಾಕುವ, ರಥಸಪ್ತಮಿಯ ದಿನ ಅದರ ಎಲೆಯನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುವ ನಾವು ಹಿತ್ತಲಿನಲ್ಲಿ ಅದಕ್ಕೆ ಜಾಗ ಕೊಡಲು ಅಂಜಬೇಕಿಲ್ಲ. ಅಂಜಬೇಕಾದದ್ದು ಅದರ ಹಾಲಿಗೆ. ಹೂವು ಕೊಯ್ದ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣಿಗೆ ನಿಜವಾಗಿಯೂ ಅಪಾಯವಿದೆ. ಆದ್ದರಿಂದ ಮಕ್ಕಳು ಆಡುವ ಜಾಗದಿಂದ ದೂರವೇ ನೆಡಬೇಕು, ಕೊಯ್ದ ಕೂಡಲೇ ಕೈ ತೊಳೆಯಬೇಕು.

ಬೆಳೆಸುವುದು ಸುಲಭ. ಬಲಿತ ಟೊಂಗೆಯನ್ನು ಕಡಿದು, ಹಾಲು ಒಣಗಲು ಒಂದೆರಡು ದಿನ ನೆರಳಿನಲ್ಲಿಟ್ಟು, ಮುಂಗಾರಿನ ಮೊದಲ ಮಳೆಗೆ ನೀರು ನಿಲ್ಲದ ಕಡೆ ನೆಟ್ಟರೆ ಸಾಕು. ಬೇರೂರಿದ ಮೇಲೆ ನೀರು, ಗೊಬ್ಬರ ಯಾವುದನ್ನೂ ಕೇಳದೆ ಆಳೆತ್ತರ ಮೀರಿ ಬೆಳೆಯುತ್ತದೆ. ಬದುವಿನ ತುಂಬ ಹಬ್ಬಬಾರದೆನ್ನುವವರು ಕಾಯಿ ಬಿರಿದು ರೇಷ್ಮೆಯಂತಹ ಅರಳೆ ಗಾಳಿಗೆ ಹಾರುವ ಮೊದಲೇ ಕಿತ್ತುಕೊಳ್ಳಲಿ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯ ಗೆಳೆಯರು ಯಾರಾದರೂ ಈ ಸಲ ನೆಡುವುದಾದರೆ ತಿಳಿಸಿ, ನಮ್ಮ ಬದುವಿನ ಬಿಳಿ ಎಕ್ಕದ ಟೊಂಗೆಗಳನ್ನು ಕಡಿದು ಇಟ್ಟಿರುತ್ತೇನೆ.