ಆಕ್ಸಿಜನ್ ಎಷ್ಟು ಉಳೀತು?

ಬಾಹ್ಯಾಕಾಶದ ಸಿನಿಮಾಕ್ಕೆ ಖಳನಾಯಕ ಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಯಿಂದ ಜೊಲ್ಲು ಸುರಿಸುವ ಪ್ರಾಣಿ ಬೇಡ, ಬಂದೂಕೂ ಬೇಡ. ಗೋಡೆಯ ಮೇಲೊಂದು ಮೀಟರ್, ಅದರಲ್ಲಿ ಇಳಿಯುತ್ತಲೇ ಹೋಗುವ ಮುಳ್ಳು. ಇಷ್ಟಿದ್ದರೆ ನಾನು ಕೈಯಲ್ಲಿದ್ದ ಚುರಮರಿ ಬಾಯಿಗೆ ಹಾಕೋದನ್ನೇ ಮರೆಯುತ್ತೇನೆ.

ಇದರಲ್ಲಿ ಒಂದು ಮಜಾ ಇದೆ. ಕೊನೆಗೆ ಎಲ್ಲರೂ ಬದುಕುತ್ತಾರೆ ಅಂತ ಗೊತ್ತಿದ್ದರೂ ಎದೆ ಹೊಡೆದುಕೊಳ್ಳೋದು ನಿಲ್ಲುವುದಿಲ್ಲ. ಅಮೆರಿಕದ ಅಪೋಲೋ 13 ನೌಕೆಯನ್ನೇ ನೋಡಿ. 1970ರ ಏಪ್ರಿಲ್‌ನಲ್ಲಿ ಚಂದ್ರನ ದಾರಿಯಲ್ಲಿದ್ದಾಗ ಅದರ ಆಕ್ಸಿಜನ್ ಟ್ಯಾಂಕ್ ಸಿಡಿಯಿತು. ಏಪ್ರಿಲ್ 17ಕ್ಕೆ ಅದರಲ್ಲಿದ್ದ ಮೂವರೂ ಜೀವಂತವಾಗಿ ಸಮುದ್ರಕ್ಕೆ ಬಂದಿಳಿದರು. ಇದರಲ್ಲಿ ಗುಟ್ಟೇನೂ ಇಲ್ಲ. ಆದರೂ ಆ ಕಥೆಯ ಮೇಲೆ 1995ರಲ್ಲಿ ಬಂದ ಸಿನಿಮಾವನ್ನು ಎಷ್ಟು ಸಲ ನೋಡಿದರೂ ಅದೇ ಡವಡವ. ಬದುಕ್ತಾರೋ ಇಲ್ವೋ ಎಂಬ ಚಿಂತೆ ಯಾರಿಗಿದೆ? ಇದ್ದದ್ದರಲ್ಲೇ ಹೇಗೆ ಸಾಗಿಸ್ತಾರೆ ಅನ್ನೋದೇ ಕುತೂಹಲ.

ವಿಜಯಪುರದಲ್ಲಿ ಬೆಳೆದವರಿಗೆ ಈ ಸಾಗಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ. ಇವತ್ತು ನಳ ಬಂದರೆ ಮುಂದೆ ಯಾವಾಗಲೋ ಎಂಬಂಥ ಬೇಸಿಗೆಗಳನ್ನು ಕಂಡವರು ನಾವು. ಆಗೆಲ್ಲ ಅವ್ವ ಬೆಳಿಗ್ಗೆ ಎದ್ದವಳೇ ಮಾಳಿಗೆ ಹತ್ತಿ ಸಿಂಟೆಕ್ಸ್ ಟ್ಯಾಂಕನ್ನು ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದಳು. ಮೇಲಿನಿಂದ ಶುರು ಮಾಡಿ ಒಂದೊಂದೇ ಗೇಣು ಕೆಳಗೆ. ಪೊಳ್ಳು ಸದ್ದು ಹೋಗಿ ಮಂದ ಸದ್ದು ಎಲ್ಲಿ ಬಂತೋ ಅಲ್ಲಿಗೆ ನೀರು. ಅಲ್ಲೇ ನಿಂತು ತೀರ್ಪು ಕೊಡುತ್ತಿದ್ದಳು: ಅರಿವೆ ಒಗೆಯೋದು ನಾಳೆ, ಜಳಕಕ್ಕೆ ತಲೆಗೊಂದು ಬಕೆಟ್, ಅಕ್ಕಿ ತೊಳೆದ ನೀರು ತುಳಸಿಗೆ. ಆಕಾಶದಲ್ಲಿದ್ದ ಆ ಮೂವರು ದಿನಕ್ಕೆ ತಲಾ ಸುಮಾರು 200 ಮಿಲಿಲೀಟರ್ ನೀರಿನಲ್ಲಿ ದಿನ ಕಳೆದರು ಎಂದು ಹೇಳಿದರೆ ಅವ್ವನಿಗೆ ಅಂಥ ಅಚ್ಚರಿಯೇನೂ ಆಗಲಿಲ್ಲ. "ಭಾಂಡೆ ಹೆಂಗ ತಿಕ್ಕತಾರ?" ಅಂತಷ್ಟೇ ಕೇಳಿದಳು.

ಸಿನಿಮಾದ ನಿಜವಾದ ಹಬ್ಬ ಇರೋದು ಡಬ್ಬಿಗಳ ಪ್ರಸಂಗದಲ್ಲಿ. ದೊಡ್ಡ ನೌಕೆ ಕೆಟ್ಟಿದ್ದರಿಂದ ಮೂವರೂ ಚಂದ್ರನ ಮೇಲೆ ಇಳಿಯಬೇಕಿದ್ದ ಸಣ್ಣ ನೌಕೆಗೆ ಬಂದು ಸೇರಿದ್ದರು. ಅದು ಇಬ್ಬರಿಗೆ ಎರಡು ದಿನಕ್ಕೆಂದು ಮಾಡಿದ್ದು. ಈಗ ಮೂವರು, ಸುಮಾರು ನಾಲ್ಕು ದಿನ. ವಿಚಿತ್ರವೆಂದರೆ ಅಲ್ಲಿ ಆಕ್ಸಿಜನ್ ಸಾಕಷ್ಟಿತ್ತು. ಅಪಾಯ ಬಂದದ್ದು ಅವರೇ ಬಿಡುತ್ತಿದ್ದ ಉಸಿರಿನಿಂದ. ಕಾರ್ಬನ್ ಡೈಆಕ್ಸೈಡ್ ಹೀರುವ ಡಬ್ಬಿಗಳು ತುಂಬಿ ಬರುತ್ತಿದ್ದವು. ದೊಡ್ಡ ನೌಕೆಯಲ್ಲಿ ಹೊಸ ಡಬ್ಬಿಗಳೇನೋ ಇದ್ದವು, ಆದರೆ ಅವು ಚೌಕ. ಇಲ್ಲಿನ ತೂತು ದುಂಡು. ಕೆಳಗೆ ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದ ಇಂಜಿನಿಯರುಗಳು ಮೇಲಿದ್ದ ಸಾಮಾನುಗಳನ್ನಷ್ಟೇ ಮುಂದಿಟ್ಟುಕೊಂಡು ಕೂತರು. ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಅಂತರಿಕ್ಷ ಉಡುಪಿನ ಪೈಪು, ಟೇಪು. ಮಾಡಿ ನೋಡಿ, ಆಮೇಲೆ ಒಂದೊಂದೇ ಹೆಜ್ಜೆಯನ್ನು ರೇಡಿಯೋದಲ್ಲಿ ಓದಿ ಹೇಳಿದರು.

ನಮ್ಮ ಕಾಕಾಗೆ ಸೋಲಾಪುರ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಅಲ್ಲೀವರೆಗೆ ಗೋಡೆಗೊರಗಿ ತೂಕಡಿಸುತ್ತಿದ್ದವರು ಎದ್ದು ಟೀವಿ ಹತ್ತಿರ ಬಂದು ನಿಂತರು. "ಟೇಪ್ ಐತಿಲ್ಲ? ಐತಿ ಅಂದಮ್ಯಾಲ ಆತು ಬಿಡು" ಅಂತ ಆ ಮೂವರಿಗೂ ಧೈರ್ಯ ಹೇಳಿದರು. ಮರುಕ್ಷಣವೇ ಸಿಟ್ಟು. "ಎರಡೂ ಒಂದ ಅಳತಿ ಮಾಡಾಕ ಏನ್ ಧಾಡಿ ಆಗಿತ್ತು ಇವರಿಗೆ?" ಎರಡು ನೌಕೆಗಳನ್ನು ಎರಡು ಬೇರೆ ಕಂಪನಿಗಳು ಮಾಡಿದ್ದವು ಎಂದೆ. "ಹಂಗನ್ನು ಮತ್ತ" ಎಂದು ತಲೆಯಾಡಿಸಿದರು. ಅವರ ಮಟ್ಟಿಗೆ ಆ ಉತ್ತರದಲ್ಲಿ ಹೊಸದೇನೂ ಇರಲಿಲ್ಲ.

ಇಂಥ ಸಿನಿಮಾಕ್ಕೆ ಶುರುವಿನಲ್ಲಿ ಒಂದು ಸುಳ್ಳನ್ನು ನಾನು ಮಾಫಿ ಮಾಡುತ್ತೇನೆ. ಮಂಗಳನ ಮೇಲೆ ಒಬ್ಬನೇ ಉಳಿದು ಬಟಾಟೆ ಬೆಳೆದವನ ಸಿನಿಮಾ 2015ರಲ್ಲಿ ಬಂತಲ್ಲ, ಅದರಲ್ಲಿ ಎಲ್ಲಕ್ಕೂ ಕಾರಣ ಒಂದು ದೊಡ್ಡ ಬಿರುಗಾಳಿ. ಮಂಗಳನ ಗಾಳಿಯ ಒತ್ತಡ ನಮ್ಮ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ರಾಕೆಟ್ಟನ್ನು ವಾಲಿಸುವ ತಾಕತ್ತು ಅದಕ್ಕೆಲ್ಲಿದೆ? ಹೋಗಲಿ, ಕಥೆ ಎಲ್ಲಿಂದಾದರೂ ಶುರುವಾಗಬೇಕಲ್ವಾ. ಆದರೆ ಅಲ್ಲಿಂದ ಮುಂದೆ ಮೋಸ ಮಾಡುವಂತಿಲ್ಲ. ಬಟಾಟೆ ಇಷ್ಟೇ, ದಿನ ಇಷ್ಟು ಅಂದಮೇಲೆ ಇಷ್ಟೇ. ಯಾರಿಗೂ ಗೊತ್ತಿರದ ಸಿಲಿಂಡರ್ ಒಂದು ಮೂಲೆಯಲ್ಲಿ ಸಿಕ್ಕಿಬಿಟ್ಟರೆ ನಾನು ಎದ್ದು ಚಹಾಕ್ಕೆ ಇಡುತ್ತೇನೆ. ಮುಳ್ಳು ಕೆಂಪು ಗೆರೆಗೆ ಬಂದ ಹೊತ್ತಿಗೇ ಮಗಳ ಫೋಟೋ ತೋರಿಸಿ ಪಿಟೀಲು ಬಾರಿಸಿದರೂ ಅಷ್ಟೇ. ಅಳೋದಿದ್ದರೆ ಕೆಳಗಿಳಿದ ಮೇಲೆ ಅಳಲಿ, ಸುಮ್ನೆ ಉಸಿರು ಖರ್ಚು!

ಕಾಯಿಸುವುದಕ್ಕೂ ಎದೆಗಾರಿಕೆ ಬೇಕು. ನೌಕೆ ವಾತಾವರಣದೊಳಗೆ ನುಗ್ಗುವಾಗ ಸುತ್ತಲಿನ ಗಾಳಿ ಕೆಂಡವಾಗಿ ರೇಡಿಯೋ ಸಂಪರ್ಕ ಕಡಿಯುತ್ತದೆ. ಅಪೋಲೋ 13ರಲ್ಲಿ ಆ ಮೌನ ಅಂದಾಜಿಗಿಂತ ಒಂದು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ತೋರಿಸಲಿಕ್ಕೆ ಏನಿದೆ ಅಲ್ಲಿ? ಕೆಳಗೆ ಕಾಯುವವರ ಮುಖ, ಒಂದು ಗಡಿಯಾರ. ಅಷ್ಟರಲ್ಲೇ ಜೀವ ಬಾಯಿಗೆ ಬರುತ್ತದೆ.

ಸುನಿತಾ ವಿಲಿಯಮ್ಸ್ ಮರಳುವ ರಾತ್ರಿಯೂ ನಾವು ಹೀಗೇ ಕಾದೆವು. 2024ರ ಜೂನ್‌ನಲ್ಲಿ ಸುಮಾರು 8 ದಿನಕ್ಕೆಂದು ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವರು 286 ದಿನ ಅಲ್ಲೇ ಉಳಿದರು. 2025ರ ಮಾರ್ಚ್ 19ರ ನಸುಕಿನಲ್ಲಿ, ನಮ್ಮ ಗಡಿಯಾರದಲ್ಲಿ 3.27ಕ್ಕೆ, ಸಮುದ್ರಕ್ಕಿಳಿದರು. ಪ್ಯಾರಾಚೂಟ್ ಬಿಚ್ಚಿದಾಗ ಅವ್ವ ಕೈಮುಗಿದಳು. ಆಮೇಲೆ ಅವಳದೇ ಲೆಕ್ಕ: "ಎಂಟ ದಿನಕ್ಕಂತ ಹ್ವಾದಾಕಿ ಅರಿವಿ ಎಷ್ಟ ಒಯ್ದಿದ್ಲೋ ಏನೋ." ಅವಳು ಹಿಡಿದದ್ದು ಸರಿಯಾದ ಎಳೆಯನ್ನೇ. ಹೊರಡುವಾಗ ಅವರ ಬಟ್ಟೆಯ ಸೂಟ್‌ಕೇಸನ್ನೇ ಇಳಿಸಿ, ಆ ಜಾಗದಲ್ಲಿ ನಿಲ್ದಾಣಕ್ಕೆ ತುರ್ತಾಗಿ ಬೇಕಿದ್ದ ಪಂಪೊಂದನ್ನು ಕಳಿಸಿದ್ದರು. ಮೂತ್ರವನ್ನು ಮತ್ತೆ ಕುಡಿಯುವ ನೀರು ಮಾಡುವ ಯಂತ್ರದ ಪಂಪು ಅದು. ಇದನ್ನು ಹೇಳಿದಾಗ ಅವ್ವ ಮುಖ ಕಿವುಚಿದಳು. ಕಾಕಾ ಮಾತ್ರ ನನ್ನ ಕಡೆ ಸರಿದು ಕೂತರು.

"ಎಷ್ಟ ಎಚ್‌ಪಿ ಮೋಟರಂತ ಅದು?"