ಸೋಲಿನ ಕಾರಣ ಹುಡುಕಿಕೊಟ್ಟವರಿಗೆ ಬಹುಮಾನವಿಲ್ಲ

2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಕರ್ನಾಟಕದಲ್ಲಿ ಏಕೆ ಸೋತಿತೆಂಬುದನ್ನು ಪತ್ತೆ ಹಚ್ಚಲು ದಿಲ್ಲಿಯಿಂದ ಮೂವರ ಸತ್ಯಶೋಧನಾ ಸಮಿತಿಯೊಂದು ಬೆಂಗಳೂರಿಗೆ ಬಂದು ಅಹವಾಲು ಕೇಳಿದ ಸುದ್ದಿಯನ್ನು ತಾವೆಲ್ಲರೂ ಓದಿದ್ದೀರಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಗಾದೆಯನ್ನು ನಮ್ಮ ಹಿರಿಯರು ಯಾವ ಪಕ್ಷವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರಲಿಕ್ಕಿಲ್ಲ. ಆದರೂ ಕೋಲಾರದಲ್ಲಿ ಕುಳಿತು ಆ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ಅದೊಂದೇ.

ಸಮಿತಿ ರಚಿಸುವ ವಿದ್ಯೆಯಲ್ಲಿ ಈ ಪಕ್ಷವನ್ನು ಮೀರಿಸುವವರು ಈ ದೇಶದಲ್ಲಿಲ್ಲ. 1999ರಲ್ಲಿ ಪಕ್ಷ 114 ಸ್ಥಾನಗಳಿಗೆ ಇಳಿದಾಗ ಕಾರಣ ಹುಡುಕಲು ಎ.ಕೆ. ಆಂಟನಿಯವರ ನೇತೃತ್ವದಲ್ಲಿ ಸಮಿತಿಯಾಯಿತು. 2014ರಲ್ಲಿ 44ಕ್ಕೆ ಇಳಿದಾಗಲೂ ಕಾರಣ ಹುಡುಕುವ ಹೊಣೆ ಅದೇ ಆಂಟನಿಯವರ ಹೆಗಲಿಗೆ ಬಿತ್ತು. ಹದಿನೈದು ವರ್ಷಗಳಲ್ಲಿ ಸ್ಥಾನಗಳು ಅರ್ಧಕ್ಕಿಂತಲೂ ಕಡಿಮೆಯಾದವು, ಆದರೆ ಹುಡುಕುವವರು ಬದಲಾಗಲಿಲ್ಲ. ನಾಯಕತ್ವದಿಂದ ಸೋಲಾಗಲಿಲ್ಲವೆಂದು ಅವರು ಪತ್ರಕರ್ತರಿಗೆ ತಿಳಿಸಿದರು. ವರದಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ಕಡೆ ಮನೆಯ ಹಿರಿಯರ ಜಾತಕವನ್ನು ಹೀಗೆಯೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಅದರಲ್ಲಿ ಏನಿದೆಯೆಂದು ಎಲ್ಲರಿಗೂ ತಿಳಿದಿರುತ್ತದೆ, ತೆಗೆದು ಓದುವ ಧೈರ್ಯ ಮಾತ್ರ ಯಾರಿಗೂ ಇರುವುದಿಲ್ಲ.

ಲೆಕ್ಕವನ್ನೇ ನೋಡಿ. 2013ರ ವಿಧಾನಸಭೆಯಲ್ಲಿ ಕಾಂಗ್ರೆಸ್ 122 ಸ್ಥಾನ ಗೆದ್ದು ಸರ್ಕಾರ ರಚಿಸಿತು. ಮರುವರ್ಷ ಲೋಕಸಭೆಯಲ್ಲಿ ಅದಕ್ಕೆ ಒಂಬತ್ತು, ಬಿಜೆಪಿಗೆ ಹದಿನೇಳು, ಜೆಡಿಎಸ್‌ಗೆ ಎರಡು. 2023ರಲ್ಲಿ 135 ಗೆದ್ದು ಸರ್ಕಾರ ರಚಿಸಿತು; ಮರುವರ್ಷ ಮತ್ತೆ ಒಂಬತ್ತು, ಹದಿನೇಳು, ಎರಡು. ಹತ್ತು ವರ್ಷಗಳ ನಡುವೆ ಗ್ಯಾರಂಟಿಗಳು ಬಂದವು, ಹೆಣ್ಣುಮಕ್ಕಳು ಬಸ್ಸಿನಲ್ಲಿ ಟಿಕೆಟ್ ಕೊಳ್ಳದೆ ಧರ್ಮಸ್ಥಳಕ್ಕೆ ಹೋಗಿ ಬಂದರು, ಪಕ್ಷದ ರಾಷ್ಟ್ರೀಯ ಅಧ್ಯಕ್ಷರ ಪಟ್ಟ ನಮ್ಮ ಕಲಬುರಗಿಯವರಿಗೇ ಬಂತು. ಉತ್ತರ ಮಾತ್ರ ಒಂದಂಕಿಯೂ ಆಚೀಚೆಯಾಗದೆ ಅದೇ ಬಂತು. ಮಗ್ಗಿ ಬಾಯಿಪಾಠವಾದ ಮಗುವೂ ಇಷ್ಟು ನಿಖರವಾಗಿ ಒಪ್ಪಿಸುವುದಿಲ್ಲ. ಹಿಮಾಚಲದಲ್ಲಿ ಸರ್ಕಾರವನ್ನು ಕೈಯಲ್ಲಿಟ್ಟುಕೊಂಡೇ ನಾಲ್ಕಕ್ಕೆ ಸೊನ್ನೆ ತಂದ ಸಾಧಕರೊಂದಿಗೆ ಹೋಲಿಸಿದರೆ ನಮ್ಮವರು ಮಧ್ಯಮ ವರ್ಗದವರೆಂದು ಸಮಾಧಾನಪಟ್ಟುಕೊಳ್ಳಬಹುದು.

ಆದರೆ ನಮ್ಮ ಮೂರು ಜಿಲ್ಲೆಗಳ ಸಾಧನೆ ಮಧ್ಯಮ ವರ್ಗದ್ದಲ್ಲ. ಅದು ಅಧ್ಯಯನಕ್ಕೆ ಯೋಗ್ಯವಾದದ್ದು. ತುಮಕೂರಿನ ಸಂಸದರಾದ ವಿ. ಸೋಮಣ್ಣನವರನ್ನು 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ವರುಣಾದಲ್ಲಿಯೂ ಚಾಮರಾಜನಗರದಲ್ಲಿಯೂ, ಒಂದೇ ದಿನ ಎರಡು ಕಡೆ, ಸೋಲಿಸಿತ್ತು. ಚಿಕ್ಕಬಳ್ಳಾಪುರದ ಸಂಸದರಾದ ಡಾ. ಕೆ. ಸುಧಾಕರ್ ಅವರನ್ನು ಅದೇ ಚುನಾವಣೆಯಲ್ಲಿ ಅವರದೇ ಊರಿನಲ್ಲಿ ಪ್ರದೀಪ್ ಈಶ್ವರ್ ಸೋಲಿಸಿದ್ದರು, ಮತ್ತು ಆ ಸಂಭ್ರಮದ ವಿಡಿಯೊಗಳನ್ನು ನೋಡದೆ ಉಳಿದವರು ನಾಡಿನಲ್ಲಿ ವಿರಳ. ಕೋಲಾರದ ಸಂಸದರಾದ ಜೆಡಿಎಸ್‌ನ ಮಲ್ಲೇಶ್ ಬಾಬು ಬಂಗಾರಪೇಟೆಯಲ್ಲಿ ಕಾಂಗ್ರೆಸ್ಸಿನೆದುರು ಸೋತಿದ್ದರು. ಸುಮಾರು ಒಂದು ವರ್ಷದಲ್ಲಿ ಮೂವರೂ ಅದೇ ಕಾಂಗ್ರೆಸ್ಸನ್ನು ಸೋಲಿಸಿ ದಿಲ್ಲಿಗೆ ಹೋದರು, ಎರಡು ಕಡೆ ಸೋತಿದ್ದವರು ಕೇಂದ್ರದಲ್ಲಿ ರಾಜ್ಯಸಚಿವರೂ ಆದರು. ಇನ್ನು ಮುಂದೆ ಸಂಸತ್ತಿಗೆ ಹೋಗಬೇಕೆಂದು ಬಯಸುವ ಯಾರೇ ಆಗಲಿ ಮೊದಲು ಕಾಂಗ್ರೆಸ್ಸಿನಿಂದ ಒಮ್ಮೆ ಸೋತು ಬರುವುದು ಒಳ್ಳೆಯದು. ಎರಡು ಸಲ ಸೋತರೆ ಮಂತ್ರಿಗಿರಿಯೂ ಸಿಗಬಹುದು.

ಇವರಲ್ಲಿ ಸೋಮಣ್ಣನವರೂ ಸುಧಾಕರ್ ಅವರೂ ಒಂದು ಕಾಲದಲ್ಲಿ ಕಾಂಗ್ರೆಸ್ ಶಾಸಕರೇ ಆಗಿದ್ದವರೆಂಬುದನ್ನು ಸಮಿತಿಯ ಹಿರಿಯರು ಗಮನಿಸಬೇಕು. ತುಮಕೂರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 2019ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಹಾಲಿ ಸಂಸದರಾಗಿದ್ದ ಮುದ್ದಹನುಮೇಗೌಡರನ್ನು ಎಬ್ಬಿಸಿ ಕ್ಷೇತ್ರವನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟರು. ಮಾಜಿ ಪ್ರಧಾನಿ ದೇವೇಗೌಡರು ಬಂದು ನಿಂತು, ಹಿಂದೆ ಕಾಂಗ್ರೆಸ್ಸಿನಿಂದಲೇ ಸಂಸದರಾಗಿದ್ದ ಬಿಜೆಪಿಯ ಜಿ.ಎಸ್. ಬಸವರಾಜು ಅವರೆದುರು ಹದಿಮೂರು ಸಾವಿರ ಚಿಲ್ಲರೆ ಮತಗಳಿಂದ ಸೋತರು. ಮುದ್ದಹನುಮೇಗೌಡರು ಬಿಜೆಪಿಗೆ ಹೋದರು, ಹಿಂತಿರುಗಿದರು, 2024ರಲ್ಲಿ ಕಾಂಗ್ರೆಸ್ ಟಿಕೆಟ್ ಪಡೆದು ಸೋತರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವ ಮತದಾರನೊಬ್ಬನು ಇವರಲ್ಲಿ ಯಾರು ಯಾವ ಪಕ್ಷದವರೆಂದು ಇಡ್ಲಿ ಮುಗಿಯುವುದರೊಳಗೆ ಸರಿಯಾಗಿ ಹೇಳಿದರೆ, ಅವನನ್ನೇ ವೀಕ್ಷಕನನ್ನಾಗಿ ನೇಮಿಸುವುದು ಉಚಿತ.

ಇಷ್ಟಾದರೂ ನಾನು ಕೋಲಾರದವನಾದ್ದರಿಂದ ಪ್ರಥಮ ಸ್ಥಾನವನ್ನು ಬೇರೆ ಜಿಲ್ಲೆಗೆ ಬಿಟ್ಟುಕೊಡಲಾರೆ. 1984ರಲ್ಲೊಮ್ಮೆ ಎಡವಿದ್ದನ್ನು ಬಿಟ್ಟರೆ 2014ರವರೆಗೂ ಕಾಂಗ್ರೆಸ್ಸಿನದೇ ಆಗಿದ್ದ ಲೋಕಸಭಾ ಕ್ಷೇತ್ರವಿದು. ಕೆ.ಎಚ್. ಮುನಿಯಪ್ಪನವರು 1991ರಿಂದ ಏಳು ಸಲ ಸತತವಾಗಿ ಗೆದ್ದರು. 2019ರಲ್ಲಿ ಸೋತಾಗ ಸೋಲಿಸಿದ್ದು ಸ್ವಪಕ್ಷದವರೇ ಎಂದು ಅವರೇ ದೂರಿದ್ದು ಊರಿಗೆಲ್ಲ ತಿಳಿದ ವಿಷಯ. ದೇಶದ ಬೇರೆಡೆ ವಿರೋಧ ಪಕ್ಷಗಳೆಲ್ಲ ಕೂಡಿ ಘಟಬಂಧನ್ ಕಟ್ಟಿದರೆ, ನಮ್ಮ ಜಿಲ್ಲೆಯಲ್ಲಿ ಕಾಂಗ್ರೆಸ್ಸಿನ ಒಂದು ಬಣ ಕಾಂಗ್ರೆಸ್ಸಿನ ಇನ್ನೊಂದು ಬಣದ ವಿರುದ್ಧ ಕಟ್ಟಿಕೊಂಡ ಕೂಟಕ್ಕೇ ಘಟಬಂಧನ್ ಎಂಬ ಹೆಸರಿದೆ. ಇಂಥ ಮೌಲಿಕ ಕೊಡುಗೆಯನ್ನು ರಾಜ್ಯಶಾಸ್ತ್ರದ ಪಠ್ಯದಲ್ಲಿ ಇನ್ನೂ ಸೇರಿಸದಿರುವುದು ಅನ್ಯಾಯ.

2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಮುನಿಯಪ್ಪನವರ ಅಳಿಯನಿಗೆ ಟಿಕೆಟ್ ಬೇಕೆಂದು ಒಂದು ಬಣ, ಕೊಟ್ಟರೆ ಮಂತ್ರಿ, ಶಾಸಕರು, ವಿಧಾನ ಪರಿಷತ್ ಸದಸ್ಯರೆಲ್ಲ ರಾಜೀನಾಮೆ ಕೊಡುತ್ತೇವೆಂದು ಇನ್ನೊಂದು ಬಣ. ಜಿಲ್ಲೆಯ ಯಾವ ಬೇಡಿಕೆಗಾಗಿಯೂ ಹೊರಬರದಿದ್ದ ರಾಜೀನಾಮೆ ಪತ್ರಗಳು ಅಂದು ಕ್ಯಾಮೆರಾಗಳ ಮುಂದೆ ಜೇಬಿನಿಂದ ಹೊರಬಂದವು. ಕೊನೆಗೆ ಎರಡೂ ಬಣಗಳಿಗೆ ಸೇರದವರೆಂಬ ಅರ್ಹತೆಯ ಮೇಲೆ ಬೆಂಗಳೂರಿನ ಮಾಜಿ ಮೇಯರ್ ಒಬ್ಬರ ಪುತ್ರರಿಗೆ ಟಿಕೆಟ್ ಸಿಕ್ಕಿತು. ಅಷ್ಟರಲ್ಲಿ ತಿಂಗಳು ಮುಗಿಯುತ್ತಿತ್ತು; ಮತದಾನ ಏಪ್ರಿಲ್ 26ಕ್ಕೆ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದರಲ್ಲಿ ಕಾಂಗ್ರೆಸ್ ಶಾಸಕರಿದ್ದರು, ಅಭ್ಯರ್ಥಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಎರಡೂ ಬಣಗಳು ಮಾತ್ರ ಸೋಲಲಿಲ್ಲ, ಏಕೆಂದರೆ ಎದುರು ಬಣಕ್ಕೆ ಟಿಕೆಟ್ ಸಿಗದಂತೆ ನೋಡಿಕೊಳ್ಳುವ ತಮ್ಮ ಚುನಾವಣೆಯನ್ನು ಅವರು ಮಾರ್ಚ್‌ನಲ್ಲಿಯೇ ಗೆದ್ದಾಗಿತ್ತು.

ಈ ಊರಿಗೆ ಟಿಕೆಟ್ಟಿನ ನಾಟಕ ಹೊಸದೇನಲ್ಲ. 2023ರ ಜನವರಿಯಲ್ಲಿ ಸಿದ್ದರಾಮಯ್ಯನವರು ಕೋಲಾರದಿಂದಲೇ ಸ್ಪರ್ಧಿಸುವೆನೆಂದು ಇಲ್ಲಿಗೇ ಬಂದು ಘೋಷಿಸಿದರು. ಊರಿನ ಸೈಟುಗಳ ಬೆಲೆಯೂ ಏರಬಹುದೆಂದು ಕೆಲವರು ಲೆಕ್ಕ ಹಾಕುತ್ತಿರುವಾಗಲೇ ಹೈಕಮಾಂಡ್ ಸಲಹೆಯೆಂದು ವರುಣಾಕ್ಕೆ ಹೋದರು. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗಿದ ಮೇಲೆ ಬಾಕ್ಸ್ ಎತ್ತದೆ ಹೋದವನನ್ನು ಮರುದಿನ ಯಾರೂ ಮಾತನಾಡಿಸುವುದಿಲ್ಲ. ಮಂಡಿಯಲ್ಲಿ ಇನ್ನೊಂದು ವಿಶೇಷವೂ ಇದೆ. 2023ರ ಜುಲೈನಲ್ಲಿ ಹದಿನೈದು ಕೆ.ಜಿ. ಬಾಕ್ಸಿಗೆ ಎರಡು ಸಾವಿರ ದಾಟಿದ ಟೊಮೆಟೊವನ್ನು ದರ ಬಿದ್ದ ಕಾಲದಲ್ಲಿ ರೈತರೇ ರಸ್ತೆಗೆ ಸುರಿಯುತ್ತಾರೆ. ಆದರೆ ದರ ಏಕೆ ಬಿತ್ತೆಂದು ತಿಳಿಯಲು ಯಾವ ರೈತನೂ ದಿಲ್ಲಿಯಿಂದ ಮೂವರನ್ನು ಕರೆಸುವುದಿಲ್ಲ. ಮಾಲು ಹೇಗಿತ್ತು, ಎಷ್ಟು ಹೊತ್ತಿಗೆ ಬಂತು, ಎಂದಷ್ಟೇ ಕೇಳಿಕೊಳ್ಳುತ್ತಾನೆ.

ನಗುವುದಕ್ಕೂ ಒಂದು ಮಿತಿಯಿದೆ. ಏಳು ಸಲ ಒಬ್ಬರನ್ನೇ ದಿಲ್ಲಿಗೆ ಕಳಿಸಿದ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ಕೊಳವೆಬಾವಿಯಲ್ಲಿ ನೀರಿಲ್ಲ, ಸಿಕ್ಕ ಕಡೆ ಫ್ಲೋರೈಡ್. ಘೋಷಣೆಯಾದ ರೈಲ್ವೆ ಕೋಚ್ ಕಾರ್ಖಾನೆ ಶ್ರೀನಿವಾಸಪುರಕ್ಕೆ ಬರಲಿಲ್ಲ, 2001ರಲ್ಲಿ ಮುಚ್ಚಿದ ಚಿನ್ನದ ಗಣಿ ತೆರೆಯಲಿಲ್ಲ. ಎತ್ತಿನಹೊಳೆಗೆ 2014ರಲ್ಲಿ ಅಡಿಗಲ್ಲಾಯಿತು. ಆ ಹೊಳೆಯ ಒಂದು ಹನಿಯೂ ನಮ್ಮ ಕೆರೆಗೆ ಬಿದ್ದಿಲ್ಲ. ಬಂದದ್ದು ಬೆಂಗಳೂರಿನ ಕೊಳಚೆ, ಎರಡು ಹಂತ ಶುದ್ಧೀಕರಿಸಿದ್ದು. ಮೂರನೆಯ ಹಂತಕ್ಕಾಗಿ ನಾವು ಇಂದಿಗೂ ಅಂಗಲಾಚುತ್ತಿದ್ದೇವೆ. ನಡುವೆ ಐದು ವರ್ಷ ಬಿಜೆಪಿಯ ಸಂಸದರನ್ನೂ ನೋಡಿದೆವು, ಅವರಿಂದಲೂ ಗಂಗೆ ಇಳಿಯಲಿಲ್ಲ. ಆದರೆ ಇಡೀ ಮಾರ್ಚ್ ತಿಂಗಳ ಆ ಬೀದಿ ಜಗಳದಲ್ಲಿ, ಅಷ್ಟೊಂದು ಬೈಗುಳಗಳ ನಡುವೆ, ಎರಡೂ ಬಣಗಳ ಒಬ್ಬರ ಬಾಯಲ್ಲಿಯೂ ನೀರು ಎಂಬ ಪದ ಬಂದದ್ದನ್ನು ನಾನು ಕೇಳಲಿಲ್ಲ. ಬೇಸರವಾಗುತ್ತದೆ. ಬರೆದು ಬರೆದು ಕೈ ಸೋತಿದೆ.

ನಮ್ಮ ಬೀದಿಯಲ್ಲಿ ಕಾಂಗ್ರೆಸ್ಸಿನ ಹಳೆಯ ಬೂತ್ ಏಜೆಂಟರೊಬ್ಬರಿದ್ದಾರೆ. 1989ರಿಂದ ಪ್ರತಿ ಚುನಾವಣೆಯಲ್ಲಿಯೂ ತಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂದು ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ವಿಧಾನಸಭೆಗೆ ಕೈಗೆ ಒತ್ತಿದ ಮನೆಗಳಲ್ಲಿ ಯಾವುವು ಲೋಕಸಭೆಗೆ ಕೈಬಿಟ್ಟವು ಎಂಬುದಕ್ಕೆ ಪಕ್ಕದಲ್ಲಿ ಪೆನ್ಸಿಲ್ಲಿನ ಗುರುತುಗಳಿವೆ. ಅಭ್ಯರ್ಥಿ ಯಾರೆಂದೇ ಗೊತ್ತಿಲ್ಲ, ಗೆದ್ದರೆ ಪ್ರಧಾನಿ ಯಾರೆಂದು ಹೇಳಲಿಲ್ಲ, ಮನೆಗೆ ಯಾರೂ ಬರಲಿಲ್ಲ ಎಂಬ ಟಿಪ್ಪಣಿಗಳೂ ಇವೆ. ಸಮಿತಿಯ ಸುದ್ದಿ ಬಂದ ದಿನ ಅವರು ಪುಸ್ತಕಕ್ಕೆ ಹೊಸ ಬೈಂಡು ಹಾಕಿಸಿಕೊಂಡು ಬಂದರು.

"ಮೇಷ್ಟ್ರೇ, ಬೆಂಗಳೂರಿಗೆ ಹೋದ್ರೆ ಒಳಗ್ ಬಿಡ್ತಾರಾ?" ಎಂದು ಕೇಳಿದರು.

"ಸೋತ ಅಭ್ಯರ್ಥಿಗಳನ್ನು ಕರೆದಿದ್ದಾರಂತೆ. ನೀವು ಎಲ್ಲಿಯೂ ನಿಂತು ಸೋತಿಲ್ಲವಲ್ಲ," ಎಂದೆ.

ಅವರು ನಗಲಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಸಂಜೆ ಪಕ್ಷದ ಸಭೆಯಿದೆ, ಅಲ್ಲಿಯಾದರೂ ಕೊಟ್ಟು ನೋಡುತ್ತೇನೆಂದು ಹೊರಟರು. ಸಭೆ ಜಿಲ್ಲಾ ಪಂಚಾಯಿತಿ ಟಿಕೆಟ್ಟಿನ ಬಗ್ಗೆ. ಜಿಲ್ಲಾ ಪಂಚಾಯಿತಿಗೆ 2016ರ ನಂತರ ಚುನಾವಣೆಯೇ ನಡೆದಿರಲಿಲ್ಲ, ದಿನಾಂಕವೂ ಗೊತ್ತಾಗಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಅವರು ಪುಸ್ತಕದೊಂದಿಗೇ ಹಿಂತಿರುಗಿದರು. ಕುರ್ಚಿಗಳು ಹಾರಾಡಿದ್ದರಿಂದ ಸಭೆಯನ್ನು ಮುಂದೂಡಿದರಂತೆ.